ಎರಡು ಕಣ್ಣು, ಒಂದು ಸಾಲು

ಉರ್ದು ಬಲದಿಂದ ಎಡಕ್ಕೆ ಹರಿಯುವ ಬರಹ. ಕನ್ನಡ ಎಡದಿಂದ ಬಲಕ್ಕೆ. ಎರಡನ್ನೂ ಶಾಲೆಯಲ್ಲಿ ಕಲಿತ ನಮ್ಮಂಥವರಿಗೆ ಇದರಲ್ಲಿ ವಿಶೇಷವೇನೂ ಕಂಡಿರಲಿಲ್ಲ. ಒಂದು ಪೀರಿಯಡ್ಡಿನಲ್ಲಿ ಪುಸ್ತಕವನ್ನು ಆ ಕಡೆಯಿಂದ ತೆರೆಯುತ್ತಿದ್ದೆವು, ಮುಂದಿನ ಪೀರಿಯಡ್ಡಿನಲ್ಲಿ ಈ ಕಡೆಯಿಂದ. ಕೈಯೂ ಕಣ್ಣೂ ತಾವಾಗಿಯೇ ದಿಕ್ಕು ಬದಲಿಸಿಕೊಳ್ಳುತ್ತಿದ್ದವು. ಕಣ್ಣಿನ ಬಗ್ಗೆ ನಮಗಿದ್ದ ತಿಳಿವಳಿಕೆಯೂ ಊರಿನ ಎಲ್ಲರಿಗೂ ಇರುವಷ್ಟೇ: ಕರಿಹಲಗೆ ಕಂಡರೆ ಕಣ್ಣು ಚೆನ್ನಾಗಿದೆ, ಕಾಣದಿದ್ದರೆ ಕನ್ನಡಕ ಬೇಕು. ಕಾಣುವುದು ಬೇರೆ, ಓದುವುದಕ್ಕೆ ಕಣ್ಣು ಒದಗುವುದು ಬೇರೆ ಎಂಬ ಮಾತನ್ನು ನಮಗೆ ಯಾರೂ ಹೇಳಿರಲಿಲ್ಲ.

ನಾವು ಎಂದರೆ ನಮ್ಮ ಮನೆಯ ಇಬ್ಬರು ಅಕ್ಕತಂಗಿಯರು. ಒಬ್ಬಳಿಗೆ ಕತೆ ಬರೆಯುವ ಚಟ, ಇನ್ನೊಬ್ಬಳಿಗೆ ಅದನ್ನು ಮೊದಲು ಓದಿ ತಪ್ಪು ಹುಡುಕುವ ಚಟ. ತುಮಕೂರು ಜಿಲ್ಲೆಯ ಒಂದು ಸಣ್ಣ ಊರಿನ ಸರ್ಕಾರಿ ಉರ್ದು ಶಾಲೆಯಲ್ಲಿ ಏಳನೇ ತರಗತಿಯವರೆಗೆ ಓದಿ, ಆಮೇಲೆ ಕನ್ನಡ ಹೈಸ್ಕೂಲಿಗೆ ಸೇರಿದವರು. ಅದೇ ಶಾಲೆಯಲ್ಲಿ ನಮ್ಮ ತಮ್ಮನ ಮಗಳೂ ಓದುತ್ತಿದ್ದಳು. ಮಾತಿನಲ್ಲಿ ಚುರುಕು. ಅಂಗಡಿಯ ಲೆಕ್ಕವನ್ನು ಬಾಯಲ್ಲೇ ಹೇಳುತ್ತಿದ್ದಳು. ಒಮ್ಮೆ ಕೇಳಿದ ಕತೆಯನ್ನು ಒಂದು ಮಾತೂ ಬಿಡದೆ ತಿರುಗಿ ಹೇಳುತ್ತಿದ್ದಳು. ಆದರೆ ಪುಸ್ತಕ ಹಿಡಿದು ಹತ್ತು ನಿಮಿಷವಾಗುವಷ್ಟರಲ್ಲಿ ತಲೆ ಮೇಜಿನ ಮೇಲೆ ಒರಗುತ್ತಿತ್ತು. ಹಣೆ ನೋಯುತ್ತದೆ ಎನ್ನುತ್ತಿದ್ದಳು. ಓದಿದ ಸಾಲನ್ನೇ ಮತ್ತೆ ಓದುತ್ತಿದ್ದಳು, ಇಲ್ಲವೇ ನಡುವಿನ ಒಂದು ಸಾಲನ್ನು ಹಾರಿಸಿ ಮುಂದೆ ಹೋಗುತ್ತಿದ್ದಳು. ಬೆರಳಿಟ್ಟುಕೊಂಡು ಓದಬೇಡ ಎಂದು ಟೀಚರ್ ಹೇಳಿದರೆ ಕಣ್ಣಿನಲ್ಲಿ ನೀರು.

ಏಳನೇ ತರಗತಿಯ ಫಲಿತಾಂಶ ಬಂದಾಗ ಮನೆಯಲ್ಲಿ ಮಾತು ಶುರುವಾಯಿತು. ಇವಳಿಗೆ ಓದು ಹತ್ತುವುದಿಲ್ಲ, ಹೈಸ್ಕೂಲಿಗೆ ಕಳಿಸಿ ಏನು ಪ್ರಯೋಜನ, ಹೊಲಿಗೆಯಾದರೂ ಕಲಿಯಲಿ ಎಂದರು ಹಿರಿಯರು. ನಮ್ಮ ಓಣಿಗಳಲ್ಲಿ ಈ ಮಾತು ಹೊಸದಲ್ಲ. ಹುಡುಗನಿಗೆ ಓದು ಹತ್ತದಿದ್ದರೆ ಟ್ಯೂಷನ್ನಿಗೆ ಹಾಕುತ್ತಾರೆ. ಹುಡುಗಿಗೆ ಹತ್ತದಿದ್ದರೆ ಹೊಲಿಗೆ ಯಂತ್ರ ತರುತ್ತಾರೆ. ಯಂತ್ರದ ಹಿಂದೆಯೇ ಸಂಬಂಧದ ಮಾತೂ ಬರುತ್ತದೆ.

ಕಣ್ಣು ತೋರಿಸಿಯಾಗಿತ್ತು. ಶಾಲೆಗೆ ಬಂದ ತಪಾಸಣೆಯ ತಂಡ ಗೋಡೆಗೆ ತೂಗುಹಾಕಿದ ಅಕ್ಷರಗಳನ್ನು ಓದಿಸಿ, ಎರಡೂ ಕಣ್ಣು 6/6, ಏನೂ ತೊಂದರೆಯಿಲ್ಲ ಎಂದು ಚೀಟಿ ಬರೆದುಕೊಟ್ಟಿತ್ತು. ಆ ಚೀಟಿ ಸುಳ್ಳಲ್ಲ. ಆದರೆ ಅದು ಹೇಳುವುದೇನು, ಹೇಳದೆ ಬಿಡುವುದೇನು ಎಂಬುದನ್ನು ತಂದೆತಾಯಿಗಳು ತಿಳಿದಿರಬೇಕು. ಹಾಲೆಂಡಿನ ಕಣ್ಣಿನ ವೈದ್ಯ ಹರ್ಮನ್ ಸ್ನೆಲ್ಲನ್ 1862ರಲ್ಲಿ ರೂಪಿಸಿದ ಈ ಅಕ್ಷರಪಟ ಆರು ಮೀಟರ್ ದೂರದ ನೋಟವನ್ನು ಅಳೆಯುತ್ತದೆ. ಅದೂ ಒಂದು ಕಣ್ಣು ಮುಚ್ಚಿ, ಇನ್ನೊಂದರಿಂದ. ಮತ್ತೆ ಅದನ್ನು ಮುಚ್ಚಿ, ಇದರಿಂದ. ಮಗು ಪುಸ್ತಕ ಓದುವುದು ಒಂದಡಿ ದೂರದಲ್ಲಿ, ಎರಡು ಕಣ್ಣನ್ನೂ ತೆರೆದು, ಒಂದೇ ಸಮ ಅರ್ಧ ಗಂಟೆ. ಗಾಡಿಯ ಎರಡು ಎತ್ತುಗಳನ್ನು ಒಂದೊಂದಾಗಿ ಓಡಿಸಿ ನೋಡಿ, ಎರಡೂ ಗಟ್ಟಿಯಾಗಿವೆ ಎನ್ನಬಹುದು. ನೊಗಕ್ಕೆ ಕಟ್ಟಿದ ಮೇಲೆ ಜೊತೆಯಾಗಿ ಎಳೆಯುತ್ತವೆಯೇ ಎಂಬುದು ಬೇರೆಯೇ ಪರೀಕ್ಷೆ.

ಒಂದು ದಿನ ಹುಡುಗಿ ತಾನಾಗಿಯೇ ಹೇಳಿದಳು: “ಫುಪ್ಪು, ಹರ್ಫಾಂ ಹಿಲ್ತೆ.” ಅಕ್ಷರಗಳು ಅಲ್ಲಾಡುತ್ತವೆ ಎಂದು. 2007ರಲ್ಲಿ ಬಂದ ‘ತಾರೆ ಜಮೀನ್ ಪರ್’ ಚಿತ್ರವನ್ನು ನೋಡದವರು ಕಡಿಮೆ. ಅದರಲ್ಲಿ ಅಕ್ಷರಗಳು ಕುಣಿಯುವ ಹುಡುಗನಿಗೆ ಡಿಸ್ಲೆಕ್ಸಿಯಾ. ಹಾಗಾಗಿ ಈ ಮಾತು ಕೇಳಿದವರೆಲ್ಲ, ಹೋ, ಆ ಸಿನಿಮಾದ ಕಾಯಿಲೆ ಎಂದು ತೀರ್ಮಾನಿಸಿಬಿಟ್ಟರು. ಆ ಚಿತ್ರ ಎಷ್ಟೋ ಮಕ್ಕಳ ಬೆನ್ನಿನ ಮೇಲಿನ ಏಟನ್ನು ತಪ್ಪಿಸಿದೆ, ಅದಕ್ಕೆ ಋಣಿಯಾಗಿರಬೇಕು. ಆದರೆ ಕುಣಿಯುವ ಅಕ್ಷರಕ್ಕೆ ಕಾರಣ ಒಂದೇ ಅಲ್ಲ.

ಸುಳಿವು ಕೊಟ್ಟವರು ಅಮ್ಮಿ, ಹುಡುಗಿಯ ದಾದಿ. ಅವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಹೊಲಿಗೆ ಕಲಿಸಲೆಂದು ಕೂರಿಸಿಕೊಂಡಾಗ ಅವರು ಕಂಡದ್ದಿಷ್ಟು: ಹುಡುಗಿ ಸೂಜಿಗೆ ದಾರ ಪೋಣಿಸುವಾಗ ಎಡಗಣ್ಣನ್ನು ಮುಚ್ಚುತ್ತಾಳೆ. ಹೊಲಿಯುವಾಗಲೂ ಹಾಗೆಯೇ. ಮನೆಯಲ್ಲಿ ಕುರ್‌ಆನ್ ಓದಲು ಕುಳಿತಾಗ ಅಂಗೈಯನ್ನು ಗಲ್ಲಕ್ಕೆ ಆನಿಸಿ, ಬೆರಳುಗಳಿಂದ ಅದೇ ಕಣ್ಣನ್ನು ಮರೆಮಾಡಿಕೊಳ್ಳುತ್ತಾಳೆ. ಒಂದು ಕಣ್ಣು ಮುಚ್ಚಿದರೆ ಅಕ್ಷರ ನಿಲ್ಲುತ್ತದೆಯೇ ಎಂದು ಕೇಳಿದಾಗ, ಹೌದು, ನಿಲ್ಲುತ್ತದೆ ಎಂದಳು. ಮುಂದಿನ ದಾರಿಯೆಲ್ಲ ಈ ಒಂದು ಉತ್ತರದಿಂದ ತೆರೆಯಿತು. ಅಕ್ಷರದ ತೊಂದರೆ ಮಿದುಳಿನಲ್ಲಿ ಮಾತ್ರ ಇದ್ದಿದ್ದರೆ ಒಂದು ಕಣ್ಣು ಮುಚ್ಚಿದ ಮಾತ್ರಕ್ಕೆ ಅದು ನಿಲ್ಲಬಾರದಲ್ಲವೇ?

ಬೆಂಗಳೂರಿನ ಒಂದು ಕಣ್ಣಿನ ಆಸ್ಪತ್ರೆಯಲ್ಲಿ ಮೊದಲು ವೈದ್ಯರು ಕಣ್ಣಿಗೆ ಹನಿ ಹಾಕಿ ಒಳಗನ್ನು ಪರೀಕ್ಷಿಸಿದರು. ಬೇರೆ ಕಾಯಿಲೆ ಇಲ್ಲವೆಂದು ಖಚಿತವಾದ ಮೇಲೆ ಇನ್ನೊಂದು ದಿನ ಬರಹೇಳಿ ಆಪ್ಟೋಮೆಟ್ರಿಸ್ಟರ ಬಳಿ ಕಳಿಸಿದರು. ಆಕೆ ಒಂದು ಪೆನ್ನಿನ ತುದಿಯನ್ನು ಹುಡುಗಿಯ ಕಣ್ಣಿನ ಮಟ್ಟದಲ್ಲಿ ಹಿಡಿದು, ಮೆಲ್ಲಗೆ ಮೂಗಿನತ್ತ ತಂದರು. ಎರಡಾಗಿ ಕಂಡ ಕೂಡಲೇ ಹೇಳಮ್ಮ ಎಂದರು. ಸಾಮಾನ್ಯವಾಗಿ ಮಕ್ಕಳಿಗೆ ಪೆನ್ನು ಮೂಗಿನಿಂದ ಐದಾರು ಸೆಂಟಿಮೀಟರ್ ಹತ್ತಿರ ಬರುವವರೆಗೂ ಒಂದಾಗಿಯೇ ಕಾಣುತ್ತದೆ. ನಮ್ಮ ಹುಡುಗಿಗೆ ಹದಿನೈದು ಸೆಂಟಿಮೀಟರಿಗೇ ಎರಡಾಯಿತು. ಎದುರು ಕುಳಿತ ನಮಗೂ ಅದು ಕಂಡಿತು: ಬಲಗಣ್ಣು ಪೆನ್ನನ್ನೇ ನೋಡುತ್ತಿತ್ತು, ಎಡಗಣ್ಣು ಕೈ ಬಿಟ್ಟು ಹೊರಗೆ ಸರಿಯಿತು. ಇನ್ನೂ ಕೆಲವು ಪರೀಕ್ಷೆ ಮಾಡಿ ಆಕೆ ಹೆಸರು ಹೇಳಿದರು: ಕನ್ವರ್ಜೆನ್ಸ್ ಇನ್ಸಫಿಷಿಯೆನ್ಸಿ. ಹತ್ತಿರದ ವಸ್ತುವನ್ನು ನೋಡುವಾಗ ಎರಡು ಕಣ್ಣೂ ಮೂಗಿನತ್ತ ಕೂಡಬೇಕು. ಹಾಗೆ ಕೂಡಿ ನಿಲ್ಲುವ ಶಕ್ತಿ ಸಾಲದು ಎಂದು ಅರ್ಥ.

ಓದುವಾಗ ಕಣ್ಣು ಏನು ಮಾಡುತ್ತದೆ ಎಂಬುದು ಅಚ್ಚರಿಯ ಸಂಗತಿ. ಸಾಲಿನ ಮೇಲೆ ಅದು ನೀರಿನಂತೆ ಹರಿಯುತ್ತದೆ ಎಂದು ನಾವೆಲ್ಲ ತಿಳಿದಿದ್ದೇವೆ. ನಿಜದಲ್ಲಿ ಅದು ಕಪ್ಪೆಯಂತೆ ಜಿಗಿಯುತ್ತದೆ. ಒಂದು ಕಡೆ ಕ್ಷಣದ ಕಾಲು ಭಾಗದಷ್ಟು ಹೊತ್ತು ನಿಲ್ಲುತ್ತದೆ, ಮುಂದಕ್ಕೆ ಜಿಗಿಯುತ್ತದೆ, ಮತ್ತೆ ನಿಲ್ಲುತ್ತದೆ. ಓದು ನಡೆಯುವುದು ಆ ನಿಲುಗಡೆಗಳಲ್ಲಿ. 19ನೇ ಶತಮಾನದ ಕೊನೆಯಲ್ಲಿ ಇದನ್ನು ಗುರುತಿಸಿದವರಲ್ಲಿ ಪ್ಯಾರಿಸ್ಸಿನ ಎಮಿಲ್ ಜಾವಲ್ ಮತ್ತವರ ಜೊತೆಗಾರರೂ ಸೇರಿದ್ದಾರೆ. ಜಾವಲರ ತಂದೆಗೂ ತಂಗಿಗೂ ಮೆಳ್ಳಗಣ್ಣು. ಕತ್ತರಿ ಹಾಕದೆ ಅಭ್ಯಾಸದಿಂದಲೇ ಎರಡು ಕಣ್ಣನ್ನು ಕೂಡಿಸಬಹುದೇ ಎಂದು ಅವರು ತಂಗಿಯ ಮೇಲೆಯೇ ಪ್ರಯತ್ನಿಸಿದರು. 1838ರಲ್ಲಿ ವೀಟ್‌ಸ್ಟೋನ್ ಪರಿಚಯಿಸಿದ ಸ್ಟೀರಿಯೋಸ್ಕೋಪ್ ಎಂಬ ಉಪಕರಣವನ್ನು ಇದಕ್ಕೆ ಬಳಸಿದರು. ಇಂದು ವಿಷನ್ ಥೆರಪಿ ಎಂದು ಕರೆಯುವ ಚಿಕಿತ್ಸೆಯ ಬೇರು ಇಲ್ಲಿದೆ. ವಿಧಿಯ ಆಟವೆನ್ನಿ, ಜಾವಲ್ ತಾವೇ ಗ್ಲಾಕೋಮಾದಿಂದ ದೃಷ್ಟಿ ಕಳೆದುಕೊಂಡರು. ಆಮೇಲೂ ಸುಮ್ಮನೆ ಕೂರದೆ ಕುರುಡರಿಗಾಗಿ ಪುಸ್ತಕ ಬರೆದರು. 1907ರಲ್ಲಿ ತೀರಿಕೊಂಡರು.

ಬಲದಿಂದ ಎಡಕ್ಕೆ ಓದುವವರ ಕಣ್ಣೂ ಹೀಗೆಯೇ ಜಿಗಿಯುತ್ತದೆ, ಆದರೆ ದಿಕ್ಕು ಬೇರೆ. ಕಣ್ಣು ನಿಂತ ಜಾಗದಿಂದ ಮುಂದೆ ಬರಲಿರುವ ಅಕ್ಷರಗಳನ್ನೂ ಮಿದುಳು ಒಂದಿಷ್ಟು ಹಿಡಿದಿಟ್ಟುಕೊಳ್ಳುತ್ತದೆ. ಇಂಗ್ಲಿಷ್ ಓದುವವರಲ್ಲಿ ಆ ಹಿಡಿತ ಬಲಕ್ಕೆ ಹೆಚ್ಚು. ಉರ್ದು ಮತ್ತು ಇಂಗ್ಲಿಷ್ ಎರಡನ್ನೂ ಬಲ್ಲವರನ್ನು ಕೂರಿಸಿ ನಡೆಸಿದ ಒಂದು ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಅದೇ ವ್ಯಕ್ತಿ ಉರ್ದು ಓದುವಾಗ ಹಿಡಿತ ಎಡಕ್ಕೆ ಚಾಚಿಕೊಳ್ಳುತ್ತದೆ, ಇಂಗ್ಲಿಷ್ ಓದುವಾಗ ಬಲಕ್ಕೆ. ಅಂದರೆ ನಮ್ಮ ಉರ್ದು ಶಾಲೆಯ ಮಗು ಪ್ರತಿದಿನ ಪೀರಿಯಡ್ಡಿನಿಂದ ಪೀರಿಯಡ್ಡಿಗೆ ಕಣ್ಣಿನ ಗಾಡಿಯನ್ನು ತಿರುಗಿಸುತ್ತಲೇ ಇರುತ್ತದೆ. ಗಟ್ಟಿ ಜೋಡಿಗೆ ಅದೊಂದು ಭಾರವೇ ಅಲ್ಲ, ಲಕ್ಷಾಂತರ ಮಕ್ಕಳು ಇದನ್ನು ಆಡುತ್ತ ಮಾಡುತ್ತಾರೆ. ಎರಡು ಲಿಪಿ ಕಲಿಸಿದ್ದಕ್ಕೇ ಮಗು ಹಿಂದುಳಿಯಿತು ಎನ್ನುವವರು ಇದನ್ನು ಗಮನಿಸಬೇಕು.

ಆದರೆ ಜೋಡಿಯೇ ಸಡಿಲವಾಗಿದ್ದರೆ? ಉರ್ದುವಿನ ಎಷ್ಟೋ ಅಕ್ಷರಗಳ ಗುರುತು ಬರೇ ಚುಕ್ಕೆಗಳಲ್ಲಿದೆ. ಪದದ ನಡುವೆ ಬಂದಾಗ ‘ನೂನ್’ ಮತ್ತು ‘ತೇ’ ಎರಡರ ಮೈಕಟ್ಟೂ ಒಂದೇ. ಮೇಲೆ ಒಂದು ನುಕ್ತೆಯಿದ್ದರೆ ನೂನ್, ಎರಡಿದ್ದರೆ ತೇ. ‘ಬನಾ’ ಎಂದರೆ ಮಾಡು, ‘ಬತಾ’ ಎಂದರೆ ಹೇಳು. ಒಂದು ಚುಕ್ಕೆ ಎರಡಾಗಿ ಕಂಡರೆ ಮಾಡು ಎಂಬುದು ಹೇಳು ಆಗುತ್ತದೆ. ಕನ್ನಡದ ಕಡೆ ಬಂದರೆ ‘ದ’ಕ್ಕೆ ಕೆಳಗೆ ಒಂದು ಸೀಳು ಬಂದರೆ ‘ಧ’, ‘ಥ’ದ ಹೊಟ್ಟೆಯಲ್ಲಿ ಒಂದು ಚುಕ್ಕೆ. ಜೊತೆಗೆ ಸಾಲಿನ ಕೆಳಗೆ ತೂಗುವ ಒತ್ತಕ್ಷರಗಳು ಬೇರೆ. ನೆರಳು ಬಿದ್ದಂತೆ ಒಂದರ ಮೇಲೊಂದು ಕಾಣುವ ಸಾಲಿನಲ್ಲಿ ಇವನ್ನೆಲ್ಲ ಬಿಡಿಸಿ ಓದುತ್ತಿದ್ದ ಹುಡುಗಿ ಅಷ್ಟಾದರೂ ಹೇಗೆ ಪಾಸಾದಳು ಎಂಬುದೇ ನಮಗೆ ಆಶ್ಚರ್ಯ. ಹೊಲಿಗೆಯ ಸಲಹೆಯನ್ನೂ ಇದರ ಜೊತೆಗಿಟ್ಟು ನೋಡಿ. ಸೂಜಿಯ ಕಣ್ಣಿಗೆ ದಾರ ಹಾಕುವುದಕ್ಕೂ ಎರಡು ಕಣ್ಣು ಅಷ್ಟೇ ಹತ್ತಿರ ಕೂಡಬೇಕು. ಓದಿಗೆ ಒದಗದ ಕಣ್ಣು ಸೂಜಿಗೆ ಒದಗೀತೇ?

ಚಿಕಿತ್ಸೆ ಎಂದಾಗ ಮಾತ್ರೆ, ಇಂಜೆಕ್ಷನ್ ಎಂದುಕೊಂಡಿದ್ದವರಿಗೆ ಅಲ್ಲಿ ಸಿಕ್ಕಿದ್ದು ಒಂದು ದಾರ ಮತ್ತು ಮೂರು ಬಣ್ಣದ ಮಣಿ. ಫ್ರೆಡರಿಕ್ ಬ್ರಾಕ್ ಎಂಬ ಆಪ್ಟೋಮೆಟ್ರಿಸ್ಟರ ಹೆಸರಿನಿಂದ ಇದನ್ನು ಬ್ರಾಕ್ ದಾರ ಎನ್ನುತ್ತಾರೆ. ದಾರದ ಒಂದು ತುದಿಯನ್ನು ಬಾಗಿಲಿನ ಹಿಡಿಗೆ ಕಟ್ಟಿ, ಇನ್ನೊಂದನ್ನು ಮೂಗಿನ ತುದಿಗೆ ಹಿಡಿಯಬೇಕು. ನಡುವಿನ ಮಣಿಯನ್ನು ನೋಡಿದರೆ ಎರಡು ಕಣ್ಣೂ ಸರಿಯಾಗಿ ಕೂಡಿದಾಗ ಒಂದು ಸೋಜಿಗ ಕಾಣುತ್ತದೆ: ಒಂದೇ ದಾರ ಎರಡಾಗಿ, ಸರಿಯಾಗಿ ಆ ಮಣಿಯಲ್ಲೇ ಒಂದನ್ನೊಂದು ಹಾಯ್ದು ಕತ್ತರಿಯಂತೆ ನಿಲ್ಲುತ್ತದೆ. ಹಾಯುವ ಜಾಗ ಮಣಿಯ ಹಿಂದಿದ್ದರೆ ಕಣ್ಣು ಸಾಕಷ್ಟು ಕೂಡಿಲ್ಲ. ದಾರ ಒಂದೇ ಕಂಡರೆ ಮಿದುಳು ಒಂದು ಕಣ್ಣಿನ ಚಿತ್ರವನ್ನು ಅಳಿಸಿಹಾಕುತ್ತಿದೆ ಎಂದರ್ಥ. ಔಷಧವೂ ಅದೇ, ಪರೀಕ್ಷೆಯೂ ಅದೇ. ಮಗುವಿಗೆ ತನ್ನ ಕಣ್ಣು ಏನು ಮಾಡುತ್ತಿದೆಯೆಂದು ತನಗೇ ಕಾಣುತ್ತದೆ.

ಈ ಮಣಿಗಳಿಗೆ ಬಹಳ ಹಳೆಯ ಅಣ್ಣಂದಿರಿದ್ದಾರೆ. ಬಸ್ರಾದಲ್ಲಿ ಹುಟ್ಟಿ ಕೈರೋದಲ್ಲಿ ಕೆಲಸ ಮಾಡಿದ ಇಬ್ನುಲ್ ಹೈಸಮ್ 11ನೇ ಶತಮಾನದ ಆರಂಭದಲ್ಲಿ ‘ಕಿತಾಬುಲ್ ಮನಾಝಿರ್’ ಬರೆದರು. ಅದರ ಮೂರನೆಯ ಭಾಗದಲ್ಲಿ ಒಂದು ಹಲಗೆಯ ಪ್ರಯೋಗವಿದೆ. ಮೂಗಿಗೆ ಹೊಂದುವಂತೆ ತುದಿಯಲ್ಲಿ ಕಚ್ಚು ಮಾಡಿದ ಹಲಗೆ, ಅದರ ಮೇಲೆ ಗೆರೆಗಳು, ಮೇಣದ ಪುಟ್ಟ ಕಂಬಗಳು. ನಡುವಿನ ಕಂಬವನ್ನು ದಿಟ್ಟಿಸಿದಾಗ ಅದು ಒಂದಾಗಿಯೂ ಹಿಂದುಮುಂದಿನವು ಎರಡೆರಡಾಗಿಯೂ ಕಾಣುವುದನ್ನು ಅವರು ವಿವರಿಸಿದ್ದಾರೆ. ಇದೆಲ್ಲ ನಮ್ಮವರೇ ಕಂಡುಹಿಡಿದದ್ದು ಎಂದು ಮೀಸೆ ತಿರುವಬೇಕಾಗಿಲ್ಲ. ಅವರಿಗಿಂತ ಎಂಟು ಶತಮಾನಕ್ಕೂ ಹಿಂದೆ ಟಾಲೆಮಿ ಇಂಥದೇ ಪ್ರಯೋಗ ಮಾಡಿದ್ದ. ಇಬ್ನುಲ್ ಹೈಸಮ್ ಅದನ್ನು ಮುಂದುವರಿಸಿದರು, ಅವರ ಪುಸ್ತಕ ಲ್ಯಾಟಿನ್ನಿಗೆ ಹೋಗಿ ಯುರೋಪನ್ನು ಓದಿಸಿತು. ಜ್ಞಾನ ಬಲದಿಂದ ಎಡಕ್ಕೂ ಹೋಗುತ್ತದೆ, ಎಡದಿಂದ ಬಲಕ್ಕೂ ಬರುತ್ತದೆ. ನೋಟ ಕಣ್ಣಿನಲ್ಲಿ ಮುಗಿಯುವುದಿಲ್ಲ, ಅದರ ಹಿಂದೆ ವಿವೇಚನೆ ಇದೆ ಎಂದು ಆ ಪುಸ್ತಕ ಹೇಳುತ್ತದೆ. ವಿಷನ್ ಥೆರಪಿಯ ತಿರುಳೂ ಇದೇ. ಅಲ್ಲಿ ಸ್ನಾಯುವಿಗಿಂತ ಹೆಚ್ಚಾಗಿ ಪಳಗುವುದು, ಎರಡು ಕಣ್ಣನ್ನು ನಡೆಸುವ ಮಿದುಳು.

ವಾರಕ್ಕೊಮ್ಮೆ ಬೆಂಗಳೂರು. ಬೆಳಗಿನ ಬಸ್ಸು, ಒಂದು ಗಂಟೆಯ ಅಭ್ಯಾಸ, ಸಂಜೆಯ ಬಸ್ಸು. ತಮ್ಮ ಅಂಗಡಿ ಮುಚ್ಚಿ ಬರುವಂತಿರಲಿಲ್ಲ. ಹಾಗಾಗಿ ನಾವು ಸರದಿ ಹಾಕಿಕೊಂಡೆವು. ಅಲ್ಲಿ ಒಂದು ಗಾಜು ಕೆಂಪು, ಒಂದು ಹಸಿರು ಇರುವ ಕನ್ನಡಕ ತೊಟ್ಟು ಚಿತ್ರಗಳನ್ನು ಒಂದಾಗಿಸುವುದು. ನೋಟವನ್ನು ಸಡಿಲಿಸುವ, ಬಿಗಿಸುವ ಗಾಜುಗಳನ್ನು ಬದಲಿಸುತ್ತ ಓದುವುದು. ಪಟ್ಟಕಗಳ ಮೂಲಕ ನೋಡುವುದು. ಮನೆಯಲ್ಲಿ ವಾರಕ್ಕೆ ಐದು ದಿನ, ದಿನಕ್ಕೆ ಕಾಲು ಗಂಟೆ ದಾರ ಮತ್ತು ಮಣಿ. ಇಶಾ ನಮಾಜಿನ ಹೊತ್ತಿಗೆ ದಾದಿ ಗಡಿಯಾರ ನೋಡಿ ಕೂಗುತ್ತಿದ್ದರು. ಮೊದಲ ಮೂರು ವಾರ ತಲೆನೋವು ಹೆಚ್ಚೇ ಆಯಿತು. ಇದೆಲ್ಲ ಹಣ ಕೀಳುವ ದಂಧೆ ಎಂದು ನೆಂಟರು ಹೇಳಿದರು. ನಾಲ್ಕನೆಯ ವಾರ ಮಣಿ ಒಂದು ಗೇಣು ಹತ್ತಿರ ಬಂತು. ಹದಿನಾಲ್ಕನೆಯ ವಾರ ಪೆನ್ನು ಮೂಗಿನಿಂದ ಆರು ಸೆಂಟಿಮೀಟರ್ ತನಕ ಒಂದಾಗಿಯೇ ಉಳಿಯಿತು.

ದಂಧೆಯ ಮಾತಿನಲ್ಲಿ ಹುರುಳಿಲ್ಲವೆಂದಲ್ಲ. ಆದ್ದರಿಂದ ವಿಜ್ಞಾನ ಏನು ಹೇಳಿದೆ ಎಂಬುದನ್ನು ನೇರವಾಗಿ ಹೇಳಿಬಿಡಬೇಕು. ಅಮೆರಿಕದಲ್ಲಿ ಈ ತೊಂದರೆಯಿದ್ದ 9ರಿಂದ 17 ವರ್ಷದ 221 ಮಕ್ಕಳನ್ನು ನಾಲ್ಕು ಗುಂಪು ಮಾಡಿ ಹನ್ನೆರಡು ವಾರ ಚಿಕಿತ್ಸೆ ಕೊಟ್ಟು ನೋಡಿದರು. ಒಂದು ಗುಂಪಿಗೆ ಚಿಕಿತ್ಸೆಯಂತೆ ಕಾಣುವ, ಆದರೆ ಚಿಕಿತ್ಸೆಯಲ್ಲದ ಅಭ್ಯಾಸ ಮಾತ್ರ. 2008ರಲ್ಲಿ ಬಂದ ಫಲಿತಾಂಶದಂತೆ, ಚಿಕಿತ್ಸಾಲಯದಲ್ಲಿ ತಜ್ಞರ ಎದುರು ಅಭ್ಯಾಸ ಮಾಡಿ ಮನೆಯಲ್ಲೂ ಮುಂದುವರಿಸಿದವರಲ್ಲಿ ನೂರಕ್ಕೆ 73 ಮಕ್ಕಳು ಗುಣವಾದರು ಅಥವಾ ಸುಧಾರಿಸಿದರು. ಮನೆಯಲ್ಲೇ ಪೆನ್ಸಿಲ್ ಹಿಡಿದು ಅಭ್ಯಾಸ ಮಾಡಿದವರಲ್ಲಿ 43. ಹುಸಿ ಅಭ್ಯಾಸ ಮಾಡಿದವರಲ್ಲಿ 35. ಕಣ್ಣು ಕೂಡಿಸುವುದರಲ್ಲಿ ಈ ಚಿಕಿತ್ಸೆ ಕೆಲಸ ಮಾಡುತ್ತದೆ ಎಂದು ಧೈರ್ಯವಾಗಿ ಹೇಳಲು ಇಷ್ಟು ಸಾಕು.

ಹಾಗಾದರೆ ಓದು? ಇಲ್ಲಿ ಎಚ್ಚರ ಬೇಕು. ಅದೇ ಬಗೆಯ ತಜ್ಞರು 9ರಿಂದ 14 ವರ್ಷದ 311 ಮಕ್ಕಳನ್ನು ಹದಿನಾರು ವಾರ ಗಮನಿಸಿ, 2019ರಲ್ಲಿ ವರದಿ ಕೊಟ್ಟರು. ಓದಿದ್ದನ್ನು ಗ್ರಹಿಸುವ ಪರೀಕ್ಷೆಯಲ್ಲಿ ನಿಜವಾದ ಚಿಕಿತ್ಸೆ ಪಡೆದವರೂ ಹುಸಿ ಅಭ್ಯಾಸ ಮಾಡಿದವರೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಸುಧಾರಿಸಿದ್ದರು. ಕಣ್ಣು ಕೂಡಿತೆಂದು ಓದಿನ ಅರ್ಥ ತಾನಾಗಿ ತಲೆಗೆ ಇಳಿಯುವುದಿಲ್ಲ. ಡಿಸ್ಲೆಕ್ಸಿಯಾದ ಬೇರು ಮಾತಿನ ಸದ್ದನ್ನು ಅಕ್ಷರಕ್ಕೆ ಹೊಂದಿಸುವ ಮಿದುಳಿನ ಕೆಲಸದಲ್ಲಿದೆ, ಕಣ್ಣಿನ ವ್ಯಾಯಾಮದಿಂದ ಅದು ಹೋಗುವುದಿಲ್ಲ ಎಂದು ಅಮೆರಿಕದ ಮಕ್ಕಳ ವೈದ್ಯರ ಮತ್ತು ಕಣ್ಣಿನ ವೈದ್ಯರ ಸಂಘಗಳು 2009ರಲ್ಲಿ ಜಂಟಿಯಾಗಿ ಹೇಳಿವೆ. ಡಿಸ್ಲೆಕ್ಸಿಯಾ ಇರುವ ಮಗುವಿಗೆ ಬೇಕಾದದ್ದು ಅದಕ್ಕೆ ತಕ್ಕ ಬೋಧನೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಅಂಥ ಕಲಿಕಾ ನ್ಯೂನತೆಯನ್ನು ಗುರುತಿಸಿದೆ. ಹಾಗೆಯೇ, ಒಂದೇ ಮಗುವಿಗೆ ಎರಡೂ ತೊಂದರೆ ಇರಬಾರದೆಂದೇನಿಲ್ಲ.

ಈ ಗೆರೆಯನ್ನು ಅಳಿಸಿ ವ್ಯಾಪಾರ ಮಾಡುವವರಿದ್ದಾರೆ. ಕಣ್ಣಿನ ಅಭ್ಯಾಸದಿಂದ ನೆನಪಿನ ಶಕ್ತಿ ಹೆಚ್ಚಿಸುತ್ತೇವೆ, ಹತ್ತನೇ ತರಗತಿಯಲ್ಲಿ ಇಷ್ಟು ಅಂಕ ಖಾತರಿ ಎಂದು ನಮ್ಮ ಕೈಗೇ ಒಂದು ಕರಪತ್ರ ಬಂದಿತ್ತು. ಮುಂಗಡವೇ ದೊಡ್ಡ ಮೊತ್ತ. ಕೆಲವು ವರ್ಷಗಳ ಹಿಂದೆ ಕಣ್ಣಿಗೆ ಬಟ್ಟೆ ಕಟ್ಟಿಸಿ ಓದಿಸುತ್ತೇವೆ ಎಂಬ ತರಬೇತಿಗಳೂ ಊರೂರು ಸುತ್ತಿದವು. ಮೂಗಿನ ಪಕ್ಕದ ಸಂದಿಯಿಂದ ಇಣುಕುವುದನ್ನು ಬಿಟ್ಟರೆ ಅದರಲ್ಲಿ ಬೇರೆ ವಿದ್ಯೆಯಿರಲಿಲ್ಲ. ವ್ಯಾಯಾಮದಿಂದ ಕನ್ನಡಕವನ್ನೇ ಬಿಡಿಸುತ್ತೇವೆ ಎಂಬ ಮಾತಂತೂ 1920ರಲ್ಲಿ ವಿಲಿಯಂ ಬೇಟ್ಸ್ ಪುಸ್ತಕ ಬರೆದಾಗಿನಿಂದ ಸಾಯದೆ ಬದುಕಿದೆ. ಸಮೀಪದೃಷ್ಟಿಯ ಕಣ್ಣು ಗುಡ್ಡೆಯೇ ಉದ್ದವಾಗಿರುವುದರಿಂದ ಬರುತ್ತದೆ. ಉರುಳಿಸಿದರೆ ಅದು ಗಿಡ್ಡವಾಗುವುದಿಲ್ಲ. ನಲವತ್ತು ದಾಟಿದ ನಮ್ಮ ಕಣ್ಣಿನೊಳಗಿನ ಮಸೂರ ಗಡುಸಾಗಿರುವುದರಿಂದ ಓದುವ ಕನ್ನಡಕ ಬೇಕು. ಮಣಿದಾರ ಅದನ್ನು ಮೆತ್ತಗೆ ಮಾಡುವುದಿಲ್ಲ. ಮಗಳನ್ನು ಕರೆದುಕೊಂಡು ಹೋದವರಿಗೂ ಒಂದಿಷ್ಟು ಅಭ್ಯಾಸ ಹೇಳಿಕೊಡಿ ಎಂದು ಕೇಳಿದಾಗ ಆಪ್ಟೋಮೆಟ್ರಿಸ್ಟ್ ನಕ್ಕು, ನಿಮಗೆ ಕನ್ನಡಕದ ಅಂಗಡಿಯೇ ಸಾಕು ಎಂದರು. ಒಳ್ಳೆಯ ಚಿಕಿತ್ಸಕರ ಗುರುತು ಇದೇ. ಏನು ಆಗುವುದಿಲ್ಲ ಎಂದು ಅವರೇ ಮೊದಲು ಹೇಳುತ್ತಾರೆ.

ತಡಮಾಡಬಾರದ ಇನ್ನೊಂದು ತೊಂದರೆಯೂ ಇದೆ. ಒಂದು ಕಣ್ಣು ಓರೆಯಾಗಿದ್ದರೆ, ಅಥವಾ ಒಂದಕ್ಕೆ ಮಾತ್ರ ಹೆಚ್ಚು ಪವರ್ ಬೇಕಾಗಿದ್ದರೆ, ಮಿದುಳು ಆ ಕಣ್ಣನ್ನು ನೆಚ್ಚುವುದನ್ನೇ ಬಿಡುತ್ತದೆ. ಇದನ್ನು ಸೋಮಾರಿ ಕಣ್ಣು ಎನ್ನುತ್ತಾರೆ. ಎಳವೆಯಲ್ಲಿ ನೋಟದ ಬೆಳವಣಿಗೆ ಹೇಗೆ ನಡೆಯುತ್ತದೆ ಎಂಬುದನ್ನು ತೋರಿಸಿದವರಲ್ಲಿ ಮುಖ್ಯರಾದ ಹ್ಯೂಬೆಲ್ ಮತ್ತು ವೀಸೆಲ್ 1981ರಲ್ಲಿ ನೊಬೆಲ್ ಪಡೆದರು. ತಕ್ಕ ಕನ್ನಡಕ ಕೊಟ್ಟು, ಒಳ್ಳೆಯ ಕಣ್ಣನ್ನು ದಿನಕ್ಕೆ ಕೆಲವು ಗಂಟೆ ಪಟ್ಟಿಯಿಂದ ಮುಚ್ಚಿದರೆ ಸೋಮಾರಿ ಕಣ್ಣು ದುಡಿಯಲು ಕಲಿಯುತ್ತದೆ. ತೀವ್ರವಲ್ಲದ ತೊಂದರೆಗೆ ದಿನಕ್ಕೆ ಆರು ಗಂಟೆಯಷ್ಟೇ ಫಲ ಎರಡು ಗಂಟೆಯೂ ಕೊಡುತ್ತದೆ ಎಂದು 2003ರ ಒಂದು ಅಧ್ಯಯನ ತೋರಿಸಿತು. ಏಳು ವರ್ಷದೊಳಗೆ ಶುರುಮಾಡಿದರೆ ಒಳ್ಳೆಯದು. ಆದರೆ ಏಳು ದಾಟಿದ ಮಕ್ಕಳಲ್ಲೂ ಹಲವರು ಸುಧಾರಿಸುತ್ತಾರೆಂದು 2005ರಲ್ಲಿ ಗೊತ್ತಾಯಿತು. ಅಮೆರಿಕದ ನರವಿಜ್ಞಾನಿ ಸೂಸನ್ ಬ್ಯಾರಿ ಎಳವೆಯಿಂದ ಮೆಳ್ಳಗಣ್ಣಿನವರು. ವಿಷನ್ ಥೆರಪಿ ಮಾಡಿಸಿಕೊಂಡು 48ನೆಯ ವಯಸ್ಸಿನಲ್ಲಿ ಮೊದಲ ಬಾರಿಗೆ ಲೋಕದ ಆಳವನ್ನು ಕಂಡರು. 2009ರಲ್ಲಿ ಅದರ ಬಗ್ಗೆ ಪುಸ್ತಕ ಬರೆದರು. ಎಲ್ಲರಿಗೂ ಹಾಗಾಗುತ್ತದೆ ಎಂದಲ್ಲ. ಆದರೆ ನಮ್ಮಲ್ಲಿ ಮೆಳ್ಳಗಣ್ಣನ್ನು ಅದೃಷ್ಟ ಎಂದು ಮುದ್ದಿಸಿ ಸುಮ್ಮನಾಗುತ್ತೇವಲ್ಲ, ಆ ಅದೃಷ್ಟಕ್ಕೆ ಮಗು ಒಂದು ಕಣ್ಣನ್ನು ತೆರುತ್ತದೆ.

ಹುಡುಗಿಯ ಮಾತಿಗೆ ಬರೋಣ. ಹಣೆನೋವು ಹೋಯಿತು. ಅರ್ಧ ಗಂಟೆ ಕುಳಿತು ಓದುತ್ತಾಳೆ. ಸಾಲು ತಪ್ಪುವುದಿಲ್ಲ. ಆದರೆ ಮೊದಲ ಪರೀಕ್ಷೆಯಲ್ಲಿ ಕನ್ನಡದಲ್ಲಿ ಬಂದದ್ದು ನೂರಕ್ಕೆ ನಲವತ್ತೊಂದು. ಮನೆಯವರ ಮುಖ ಸಪ್ಪಗಾಯಿತು. ಐದಾರು ವರ್ಷ ಓದಲಾಗದೆ ಬಿಟ್ಟುಹೋದ ಪಾಠವನ್ನು ಯಾವ ಮಣಿ ತಂದುಕೊಡುತ್ತದೆ? ಹೈಸ್ಕೂಲಿನ ಕನ್ನಡ ಮೇಡಂ ಮುಂದೆ ಬಂದರು. ಶಾಲೆ ಬಿಟ್ಟ ಮೇಲೆ ವಾರಕ್ಕೆ ಮೂರು ದಿನ ಕೂರಿಸಿಕೊಂಡು, ನಾಲ್ಕನೇ ತರಗತಿಯ ಪುಸ್ತಕದಿಂದ ಶುರುಮಾಡಿದರು. ಎಂಟನೇ ತರಗತಿಯ ಹುಡುಗಿ ನಾಚಿಕೊಳ್ಳದಂತೆ, ಅದನ್ನು ಚಿಕ್ಕ ಮಕ್ಕಳಿಗೆ ಕತೆ ಓದಿ ಹೇಳುವ ಕೆಲಸವಾಗಿ ಮಾಡಿಕೊಟ್ಟರು. ಈಗ ಹುಡುಗಿ ಒಂಬತ್ತನೇ ತರಗತಿ. ಮೊದಲ ಸ್ಥಾನ ಬಂದಿಲ್ಲ, ಬರುವುದೂ ಬೇಡ. ಹೊಲಿಗೆಯನ್ನೂ ಕಲಿಯುತ್ತಿದ್ದಾಳೆ, ಎರಡು ಕಣ್ಣನ್ನೂ ತೆರೆದು.

ನಮಗೆ ಬೆಂಗಳೂರಿಗೆ ಹೋಗಿಬರುವ ಅನುಕೂಲವಿತ್ತು, ಸರದಿ ಹಾಕಿಕೊಳ್ಳಲು ಇಬ್ಬರು ಅತ್ತೆಯರಿದ್ದರು. ಅದಿಲ್ಲದ ಮಕ್ಕಳ ಗತಿ? ತಮಿಳುನಾಡಿನ ನಗರ ಮತ್ತು ಹಳ್ಳಿಯ ಶಾಲೆಗಳಲ್ಲಿ ನಡೆಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಹತ್ತು ಮಕ್ಕಳಲ್ಲಿ ಸುಮಾರು ಮೂವರಿಗೆ ಎರಡು ಕಣ್ಣು ಜೊತೆಯಾಗಿ ನಡೆಯುವುದರಲ್ಲಿ ಒಂದಲ್ಲ ಒಂದು ಕೊರತೆ ಕಂಡಿತು. ನೋಡಿದರೆ ಮೆಳ್ಳಗಣ್ಣಲ್ಲ, ಹಾಗಾಗಿ ಹೊರಗಿನವರಿಗೆ ಗೊತ್ತಾಗುವುದಿಲ್ಲ. ಎಲ್ಲರಿಗೂ ಚಿಕಿತ್ಸೆ ಬೇಕಾಗುತ್ತದೆ ಎಂದಲ್ಲ, ಆದರೆ ಎಲ್ಲರನ್ನೂ ಒಮ್ಮೆ ನೋಡಬೇಕು. ಸರ್ಕಾರ 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಶಾಲಾ ಮಕ್ಕಳ ತಪಾಸಣೆ ನಡೆಸುತ್ತಿದೆ. ಗೋಡೆಯ ಪಟ ಓದಿಸಿದ ಮೇಲೆ ಒಂದು ಪೆನ್ನನ್ನು ಮೂಗಿನತ್ತ ತಂದು ನೋಡಲು ಅರ್ಧ ನಿಮಿಷವೂ ಬೇಡ. ತಲೆನೋವು ಬರುತ್ತದೆಯೇ, ಅಕ್ಷರ ಎರಡಾಗುತ್ತದೆಯೇ ಎಂದು ಕೇಳಲು ಇನ್ನರ್ಧ ನಿಮಿಷ. ಜಿಲ್ಲಾಸ್ಪತ್ರೆಗೆ ಒಬ್ಬ ತರಬೇತಾದ ಆಪ್ಟೋಮೆಟ್ರಿಸ್ಟರಿದ್ದರೆ, ಒಂದು ದಾರ, ಮೂರು ಮಣಿ, ನಾಲ್ಕಾರು ಗಾಜುಗಳಲ್ಲಿ ಕೆಲಸ ಶುರುವಾಗುತ್ತದೆ.

ಅದು ಆಗುವವರೆಗೆ ಮನೆಯಲ್ಲಿ, ಮದರಸದಲ್ಲಿ, ಶಾಲೆಯಲ್ಲಿ ನಾವು ನೋಡಬಹುದಾದ ಸಂಗತಿಗಳಿವೆ. ಓದುವಾಗ ಒಂದು ಕಣ್ಣು ಮುಚ್ಚುವ, ತಲೆ ವಾಲಿಸುವ, ಸಾಲು ತಪ್ಪಿಸುವ, ಪುಸ್ತಕ ಹಿಡಿದ ಕೂಡಲೇ ಹಣೆ ಒತ್ತಿಕೊಳ್ಳುವ, ಬಾಯಲ್ಲಿ ಚುರುಕಾಗಿದ್ದು ಪುಟದ ಮೇಲೆ ಮಂಕಾಗುವ ಮಗುವನ್ನು ಕಣ್ಣಿನ ವೈದ್ಯರಿಗೆ ತೋರಿಸಿ, ಎರಡು ಕಣ್ಣು ಜೊತೆಯಾಗಿ ನಡೆಯುತ್ತವೆಯೇ ನೋಡಿ ಎಂದು ಬಾಯಿಬಿಟ್ಟು ಕೇಳಿ. ಇದ್ದಕ್ಕಿದ್ದಂತೆ ಎಲ್ಲವೂ ಎರಡಾಗಿ ಕಂಡರೆ ಅಥವಾ ಕಣ್ಣು ಓರೆಯಾದರೆ ಅದೇ ದಿನ ಹೋಗಿ, ಅದು ವ್ಯಾಯಾಮಕ್ಕೆ ಕಾಯುವ ವಿಷಯವಲ್ಲ. ಕಣ್ಣು ಸರಿಯಿದೆ ಎಂದು ಗೊತ್ತಾದರೆ ಅದೂ ಒಂದು ಉತ್ತರವೇ. ಆಗ ಕಲಿಸುವ ಬಗೆಯನ್ನು ಹುಡುಕಬೇಕು. ಓದು ಹತ್ತುವುದಿಲ್ಲ ಎಂಬ ತೀರ್ಪು ಬರೆಯುವ ಮೊದಲು ಇಷ್ಟು ವಿಚಾರಣೆಯಾದರೂ ನಡೆಯಲಿ. ಅದರಲ್ಲೂ ಹೆಣ್ಣುಮಗುವಿನ ವಿಷಯದಲ್ಲಿ, ಏಕೆಂದರೆ ಆ ತೀರ್ಪಿನ ಮೇಲೆ ಅಪೀಲು ಹೋಗಲು ಆ ಮಗುವಿಗೆ ಬೇರೆ ಕೋರ್ಟಿಲ್ಲ.